ಎಡಗಡೆಯ ಪಾವಟಿಗೆ

ನಾನು ನಿಂತಿದ್ದು ರೋಣದಿಂದ ನರಗುಂದದ ಕಡೆಗೆ ಹೋಗುವ ರಸ್ತೆಯ ಅಂಚಿನಲ್ಲಿ, ನನ್ನ ಶೆಡ್ಡಿನ ಬಾಗಿಲಲ್ಲಿ, ಮುಖ ರಸ್ತೆಯ ಕಡೆಗೆ. ಬಸ್ ಡಿಪೋದ ಬಾಡಿ ವಿಭಾಗದಿಂದ ನಿವೃತ್ತನಾಗಿ ಸ್ವಂತ ಶೆಡ್ ಹಾಕಿದ ಮೂರನೆಯ ವರ್ಷ ಅದು. ಕಡಲೆ ಕಾಯಿಗಟ್ಟುವ ಕಾಲ, ಹೊತ್ತು ಆಗತಾನೆ ಮೂಡಿತ್ತು. ಗಾಡಿ ನನ್ನಿಂದ ಹತ್ತು ಮಾರು ದೂರದಲ್ಲಿತ್ತು. ಅದರ ಎಡಗಡೆ ನನಗೆ ಪೂರ್ತಿ ಕಾಣುತ್ತಿತ್ತು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದನ್ನು ನಾನು ಬೇರೆಯವರಿಂದ ಕೇಳಿ ಬರೆಯುತ್ತಿಲ್ಲ.

ಗಾಡಿ ಯಲ್ಲಪ್ಪನದು. ಹಳೆಯದು, ಎತ್ತರದ್ದು, ಹಿಂದೆ ಎದುರುಬದುರು ಸೀಟು ಇರುವಂಥದ್ದು. ದಿನಾಲೂ ಬೆಳಿಗ್ಗೆ ರೋಣದ ಹೆಣ್ಣಾಳುಗಳ ಒಂದು ಗುಂಪನ್ನು ಯಾವಗಲ್ ಕಡೆಯ ಹೊಲಗಳಿಗೆ ಒಯ್ದು, ಸಂಜೆ ತಂದು ಬಿಡುವುದು ಅವನ ಕೆಲಸ. ಗುಂಪಿನ ಮುಂದಾಳು ರತ್ನವ್ವ. ಐವತ್ತು ದಾಟಿದ, ತೆಳ್ಳಗಿನ, ಮಾತು ಕಡಿಮೆಯ ಹೆಂಗಸು. ಆಕೆ ಒಪ್ಪಿದ ಗಾಡಿಯನ್ನೇ ಉಳಿದವರು ಹತ್ತುತ್ತಿದ್ದರು. ಎಲ್ಲರೂ ಬಂದು ಸೇರುತ್ತಿದ್ದುದು ನನ್ನ ಶೆಡ್ಡಿನ ಮುಂದೆ.

ಅಂದು ಉಳಿದವರು ಹತ್ತಿ ಕೂತ ಮೇಲೆ, ಕೊನೆಯಲ್ಲಿ ರತ್ನವ್ವ ಬುತ್ತಿಯ ಗಂಟನ್ನು ಒಳಗೆ ಕೊಟ್ಟಳು. ಬಾಗಿಲಿನ ಕಂಬ ಹಿಡಿದು ಬಲಗಾಲನ್ನು ಗೋಣಿತಟ್ಟು ಕಟ್ಟಿದ್ದ ಪಾವಟಿಗೆಯ ಮೇಲಿಟ್ಟಳು. ಪಾವಟಿಗೆ ಎಂದರೆ ಗಾಡಿಯ ಬಾಗಿಲ ಕೆಳಗೆ ಉದ್ದಕ್ಕೂ ಇರುವ ತಗಡಿನ ಮೆಟ್ಟಿಲು. ನಮ್ಮ ಡಿಪೋದ ಭಾಷೆಯಲ್ಲಿ ಫುಟ್‌ಬೋರ್ಡ್, ಕಂಪನಿಯ ಪುಸ್ತಕದಲ್ಲಿ ರನ್ನಿಂಗ್ ಬೋರ್ಡ್. ಆಕೆ ಎಡಗಾಲು ಎತ್ತಿ ಮೈಭಾರ ಹಾಕಿದ ಕೂಡಲೇ ಸದ್ದೊಂದು ಬಂತು. ದೊಡ್ಡ ಸದ್ದಲ್ಲ, ಒಣ ಹಪ್ಪಳ ಮುರಿದಂಥದ್ದು. ಆಕೆಯ ಬಲಗಾಲು ಮೊಣಕಾಲಿನವರೆಗೆ ತಗಡಿನೊಳಗೆ ಹೋಯಿತು.

ಯಲ್ಲಪ್ಪನಿಗೆ ಇದು ಕಾಣಲಿಲ್ಲ. ಎಲ್ಲರೂ ಹತ್ತಿದರೆಂದು ತಿಳಿದು ಕ್ಲಚ್ ಬಿಟ್ಟ. ಗಾಡಿ ಒಂದು ಗೇಣು ಮುಂದೆ ಸರಿಯಿತು. ನಾನು ಕೂಗಿದೆ. ಏನೆಂದು ಕೂಗಿದೆನೋ ನೆನಪಿಲ್ಲ. ಗಾಡಿ ನಿಂತಿತು. ಆ ಒಂದು ಗೇಣು ಈಗಲೂ ಕೆಲವೊಮ್ಮೆ ಕಣ್ಣ ಮುಂದೆ ಬರುತ್ತದೆ.

ಓಡಿಹೋಗಿ, ಹರಿದ ಗೋಣಿತಟ್ಟನ್ನು ಸರಿಸಿ ನೋಡಿದೆ. ಕಾಲು ಒಳಗೆ ಹೋಗುವಾಗ ಹರಿದ ತಗಡಿನ ಅಂಚು ಹಲ್ಲುಹಲ್ಲಾಗಿ ಕೆಳಕ್ಕೆ ಬಾಗಿ ಮೀನಖಂಡವನ್ನು ಸುತ್ತಲೂ ಹಿಡಿದಿತ್ತು. ಕೆಳಗೆ ಹೋಗಲು ದಾರಿ ಕೊಡುತ್ತದೆ, ಮೇಲೆ ಎಳೆದರೆ ಕಚ್ಚುತ್ತದೆ. ಮೀನು ಹಿಡಿಯುವ ಬುಟ್ಟಿಯ ಬಾಯಿ ಹೀಗೆಯೇ ಇರುತ್ತದೆ. ಗಾಬರಿಯಿಂದ ಇಬ್ಬರು ಹೆಂಗಸರು ಆಕೆಯನ್ನು ಮೇಲಕ್ಕೆ ಎಳೆಯಲು ಹೋಗಿದ್ದರು.

"ಎಳೀಬ್ಯಾಡ್ರಿ! ಯಾರೂ ಎಳೀಬ್ಯಾಡ್ರಿ!" ಎಂದೆ.

ಗುಂಪಿನಲ್ಲಿ ಕಾಶವ್ವ ಎಂಬಾಕೆ ಇದ್ದಳು. ಎತ್ತರ, ದಪ್ಪ, ಬಾಯಿ ಜೋರು. ಅವಳು ನನ್ನ ಮಾತಿಗೆ ಕಾಯದೆ ಹಿಂದಿನ ಬಾಗಿಲಿನಿಂದ ಇಳಿದು, ರತ್ನವ್ವನ ಹಿಂದೆ ಹೋಗಿ, ಕಂಕುಳಿಗೆ ಎರಡೂ ಕೈ ಕೊಟ್ಟು, ಆಕೆಯ ಪೂರ್ತಿ ಭಾರವನ್ನು ತನ್ನ ಎದೆಯ ಮೇಲೆ ತೆಗೆದುಕೊಂಡಳು. ಅದು ಯಾರೂ ಹೇಳಿಕೊಟ್ಟದ್ದಲ್ಲ. ಕಾಲು ಇನ್ನೂ ಕೆಳಗೆ ಜಾರದಂತೆ ತಡೆದದ್ದು ಅದೇ.

"ಏ ಯಲ್ಲಪ್ಪ, ಹ್ಯಾಂಡ್‌ಬ್ರೇಕ್ ಎಳಿ, ಗಾಲಿಗೆ ಕಲ್ಲು ಕೊಡು, ಇಂಜಿನ್ ಬಂದ್ ಮಾಡು," ಎಂದೆ. ಅವನು ಮೂರನ್ನೂ ಮಾಡಿದ.

ಪಾವಟಿಗೆಯನ್ನೇ ಬಿಚ್ಚಿ ಇಳಿಸೋಣವೆಂದರೆ ಬೋಲ್ಟುಗಳು ತುಕ್ಕಿನಲ್ಲಿ ಕೂಡಿಹೋಗಿದ್ದವು. ಗ್ಯಾಸ್ ಕಟರ್ ತಂದರೆ ಕಾಲು ಸುಡುತ್ತದೆ. ಗ್ರೈಂಡರ್ ಹಚ್ಚಿದರೆ ಕಿಡಿ ಸೀರೆಗೆ ಹತ್ತುತ್ತದೆ, ಅದರ ನಡುಕಕ್ಕೆ ತಗಡು ಇನ್ನಷ್ಟು ಕಡಿಯುತ್ತದೆ. ಉಳಿದದ್ದು ಕೈಗೆಲಸ. ಲಾರಿಯ ಹಳೆಯ ಟ್ಯೂಬಿನ ಪಟ್ಟಿಗಳನ್ನು ಕತ್ತರಿಸಿ ತಂದು, ಕಾಲಿಗೂ ತಗಡಿನ ಹಲ್ಲಿಗೂ ನಡುವೆ ಒಂದೊಂದಾಗಿ ತೂರಿಸಿದೆ. ಆಮೇಲೆ ಹೊರಗಿನಿಂದ ತಗಡುಗತ್ತರಿ ಹಾಕಿದೆ. ಮೇಲಿನ ತಗಡು ಸುಲಭವಾಗಿ ಬಿಟ್ಟುಕೊಟ್ಟಿತು. ಆದರೆ ಅಂಚಿನಲ್ಲಿ ಎರಡು ಪದರು ಮಡಚಿದ ಕಡೆ ಕತ್ತರಿ ಹೋಗಲಿಲ್ಲ. ಅಲ್ಲಿ ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಅರಿವೆ ಸುತ್ತಿ, ಬರೀ ಬ್ಲೇಡಿನಿಂದ ಕೊಯ್ದೆ. ನಾಲ್ಕು ಸಲ ಎಳೆದು ನಿಲ್ಲಿಸುತ್ತಿದ್ದೆ, ಬೆರಳಿಟ್ಟು ನೋಡಿ ಮತ್ತೆ ಎಳೆಯುತ್ತಿದ್ದೆ. ನಲವತ್ತು ವರ್ಷ ತಗಡು ಕತ್ತರಿಸಿದ್ದೇನೆ. ಆಚೆ ಬದಿಯಲ್ಲಿ ಮನುಷ್ಯರ ಕಾಲು ಇಟ್ಟುಕೊಂಡು ಕತ್ತರಿಸಿದ್ದು ಅದೊಂದೇ ಸಲ.

ನಾನು ಹೀಗೆ ತಡೆತಡೆದು ಕೊಯ್ಯುವುದನ್ನು ರತ್ನವ್ವ ನೋಡಿದಳು. "ಮಿಸ್ತ್ರೀ, ನೀವ್ಯಾಕ ಅಂಜತೀರಿ? ಕಾಲು ನಂದೈತಿ," ಎಂದಳು.

ಹಿಂದಿನಿಂದ ಕಾಶವ್ವ, "ನನ್ನ ಭಾರಕ್ಕ ಮುರದಿದ್ರ ಮಂದಿ ಖರೇ ಅಂತಿದ್ರು. ಹುಣಸೀ ಬರಲು ಇದ್ದಂಗ ಇದ್ದಾಕಿ ನೀನು, ನಿನಗ ಹ್ಯಾಂಗ ಮುರೀತ ಯವ್ವಾ?" ಎಂದಳು. ರತ್ನವ್ವ ನಕ್ಕಳು. ನಗುವಾಗ ಬಿಗಿಹಿಡಿದಿದ್ದ ಕಾಲು ಸಡಿಲವಾಯಿತು. ಆ ಗಳಿಗೆಯಲ್ಲಿ ಕೊನೆಯ ಹಲ್ಲನ್ನು ಇಕ್ಕಳದಿಂದ ಕೆಳಗೆ ಬಗ್ಗಿಸಿ, "ಈಗ ಎತ್ರಿ, ಸಾವಕಾಶ," ಎಂದೆ. ಕಾಲು ಹೊರಗೆ ಬಂತು.

ಮೀನಖಂಡದ ಉದ್ದಕ್ಕೂ ಹರಿದಿತ್ತು. ಯಲ್ಲಪ್ಪ ಬೇರೆ ಗಾಡಿ ಮಾಡಿಸಿ ದವಾಖಾನೆಗೆ ಒಯ್ದ. ಎಲುಬಿಗೆ, ನರಕ್ಕೆ ಪೆಟ್ಟಿಲ್ಲವೆಂದು ಮಧ್ಯಾಹ್ನ ಫೋನ್ ಬಂತು. ಹೊಲಿಗೆ ಹಾಕಿ, ಧನುರ್ವಾಯು ಆಗದಂತೆ ಸೂಜಿ ಕೊಟ್ಟಿದ್ದರು. ಆದರೆ ಆಕೆ ಹೇಳಿ ಕಳಿಸಿದ ಮಾತು ಒಂದೇ: "ಆ ಗಾಡಿ ಇನ್ನ ನಾ ಹತ್ತಂಗಿಲ್ಲ." ಆಕೆ ಹತ್ತದಿದ್ದರೆ ಗುಂಪಿನಲ್ಲಿ ಯಾರೂ ಹತ್ತುವುದಿಲ್ಲ. ಯಲ್ಲಪ್ಪನ ಗಾಡಿ ನಿಂತಿತೆಂದೇ ಲೆಕ್ಕ.

ಸಂಜೆ ಅವನು ನನ್ನ ಶೆಡ್ಡಿಗೆ ಬಂದ. "ಕಾಕಾ, ಮ್ಯಾಲ ಒಂದು ದಪ್ಪನ ಚೆಕ್ಕರ್ ಪ್ಲೇಟ್ ತಗಡು ಹೊದಿಸಿಬಿಡ್ರಿ. ನೋಡಿದವರಿಗೆ ಧೈರ್ಯ ಬರಬೇಕು."

"ನೋಡಾಕ ಬ್ಯಾರೆ, ನಿಲ್ಲಾಕ ಬ್ಯಾರೆ," ಎಂದೆ. "ಮೊದಲ ಯಾಕ ಹಿಂಗಾತು ನೋಡೂಣು."

ನನ್ನನ್ನು ಕಾಡಿದ್ದು ಒಂದು ಸಂಗತಿ. ಬಲಗಡೆಯ ಪಾವಟಿಗೆಗೂ ಎಡಗಡೆಯದಕ್ಕೂ ಒಂದೇ ವಯಸ್ಸು, ಒಂದೇ ತಗಡು, ಒಂದೇ ರಸ್ತೆಯ ಕೆಸರು. ಬಲಗಡೆ ಸುತ್ತಿಗೆಯಿಂದ ಬಡಿದರೆ ಠಣ್ ಎಂದಿತು. ಬಣ್ಣ ಎದ್ದಿತ್ತು, ಮೇಲ್ಮೈ ತುಕ್ಕು ಅಷ್ಟೆ. ಎಡಗಡೆ ಬಡಿದರೆ ಮಣ್ಣಿನ ಗೋಡೆ ಬಡಿದಂತೆ ಸದ್ದೇ ಇಲ್ಲ. ನೆಲದ ಕೆಸರಿನಿಂದ ತುಕ್ಕು ಹಿಡಿದಿದ್ದರೆ ಕೆಳಗಿನಿಂದ ತಿನ್ನಬೇಕಿತ್ತು. ಇದು ಮೇಲಿನಿಂದ ತಿಂದಿತ್ತು.

ಎಡಗಡೆಯ ಗೋಣಿತಟ್ಟನ್ನು ಯಲ್ಲಪ್ಪನೇ ಕಟ್ಟಿದ್ದ. ಬೇಸಿಗೆಯಲ್ಲಿ ತಗಡು ಕಾದು ಬರಿಗಾಲಿನ ಹೆಂಗಸರಿಗೆ ಸುಡುತ್ತದೆ ಎಂದು ಅದನ್ನು ತೋಯಿಸಿ ಇಡುತ್ತಿದ್ದ. ಹರಿದ ಆ ತಟ್ಟನ್ನು ಎತ್ತಿದೆ. ಬೇಸಿಗೆ ಇನ್ನೂ ದೂರವಿದ್ದರೂ ಅದು ಹಸಿಯಾಗಿತ್ತು. ಹಿಂಡಿದಾಗ ಬೆರಳಿಗೆ ಬಂದ ನೀರನ್ನು ನಾಲಿಗೆಗೆ ಹಚ್ಚಿಕೊಂಡೆ. ಹುಳಿ.

"ಇದೇನೋ ಯಲ್ಲಪ್ಪ?"

ಅವನು ಹಣೆ ಹಣೆ ಬಡಿದುಕೊಂಡ. "ಅರಿವಿ, ಕಾಕಾ. ಹುಳಿ ಅರಿವಿ."

ಗೊತ್ತಿಲ್ಲದವರಿಗೆ ಹೇಳಬೇಕು. ಕಡಲೆ ಗಿಡದ ಎಲೆಯ ಮೇಲೆ ಚಳಿಗಾಲದ ಮಂಜಿನ ಜೊತೆಗೆ ಒಂದು ಹುಳಿ ಸೇರಿರುತ್ತದೆ. ನಮ್ಮ ಕಡೆ ಸಂಜೆ ಹೊಲದಿಂದ ಬರುವಾಗ ಗಿಡಗಳ ಮೇಲೆ ಬಿಳಿ ಅರಿವೆ ಹಾಸಿ ಬರುತ್ತಾರೆ. ಬೆಳಿಗ್ಗೆ ಅದು ತೋಯ್ದಿರುತ್ತದೆ. ಹಿಂಡಿ ಶೀಶೆಯಲ್ಲಿ ತುಂಬಿಟ್ಟರೆ ಅದೇ ಕಡಲೆಹುಳಿ. ಹೊಟ್ಟೆನೋವಿಗೆ ಮನೆಮನೆಯಲ್ಲೂ ಇರುತ್ತದೆ. ಈ ಗುಂಪಿನ ಹೆಂಗಸರು ಪ್ರತಿ ಸುಗ್ಗಿಯಲ್ಲೂ ಹುಳಿ ಹಿಂಡುತ್ತಿದ್ದರು. ಹಿಂಡಿದ ಅರಿವೆಯನ್ನು ಮನೆಗೆ ತರುವಾಗ ಒಳಗಿಟ್ಟರೆ ಸೀಟು ಕೆಡುತ್ತದೆ, ಮೈಗೆ ತಾಗಿದರೆ ಕಡಿಯುತ್ತದೆ. ಆದ್ದರಿಂದ ಹತ್ತುವ ಬಾಗಿಲ ಹತ್ತಿರ, ಪಾವಟಿಗೆಯ ಮೇಲೆ, ಗೋಣಿತಟ್ಟಿನ ಕೆಳಗೆ ಮಡಚಿ ಇಡುತ್ತಿದ್ದರು. ಯಲ್ಲಪ್ಪ ಕಟ್ಟಿದ ತಟ್ಟು ಆ ಹುಳಿಯನ್ನು ಹೀರಿ ಆರದಂತೆ ಹಿಡಿದಿಟ್ಟಿತ್ತು. ಕಾಲು ಸುಡಬಾರದೆಂದು ಅವನು ಮಾಡಿದ ಉಪಚಾರ, ಗಾಡಿ ಕೆಡಬಾರದೆಂದು ಅವರು ಮಾಡಿದ ಜೋಪಾನ, ಎರಡೂ ಸೇರಿ ಕಬ್ಬಿಣವನ್ನು ತಿಂದಿದ್ದವು. ಯಾರನ್ನು ಬೈಯುವುದು?

ಚೆಕ್ಕರ್ ಪ್ಲೇಟ್ ಹೊದಿಸಿದ್ದರೆ ಕೆಲಸ ಒಂದು ಹೊತ್ತಿನದು. ಹುಳಿ ಆ ಪ್ಲೇಟಿನ ಅಡಿಗೆ ಇಳಿದು, ಮೇಲೆ ಹೊಳೆಯುತ್ತ, ಕೆಳಗೆ ಕೊಳೆಯುತ್ತಿತ್ತು. ಇನ್ನೊಂದು ಕಾಲು ಸಿಕ್ಕಿದ್ದರೆ ದಪ್ಪ ತಗಡಿನಲ್ಲಿ ಕತ್ತರಿ ಆಡುತ್ತಲೇ ಇರಲಿಲ್ಲ. ಯಲ್ಲಪ್ಪನಿಗೆ ಇದನ್ನು ಹೇಳಿದೆ. ಅವನು ಗಾಡಿಯ ಕೀಲಿಯನ್ನು ನನ್ನ ಬೆಂಚಿನ ಮೇಲಿಟ್ಟು ನಡೆದೇ ಮನೆಗೆ ಹೋದ.

ಬ್ಯಾಟರಿಯ ವಾಯರ್ ಬಿಚ್ಚಿಟ್ಟು ಕೆಲಸ ಶುರು ಮಾಡಿದೆ. ಹಳೆಯ ಪಾವಟಿಗೆಯನ್ನು ಪೂರ್ತಿ ಕತ್ತರಿಸಿ ಕೆಳಗಿಳಿಸಿದೆ. ಅದನ್ನು ಹೊತ್ತಿದ್ದ ಬ್ರ್ಯಾಕೆಟ್ಟುಗಳು, ಎಂದರೆ ಗಾಡಿಯ ಚಾಸಿ ಚೌಕಟ್ಟಿನಿಂದ ಹೊರಕ್ಕೆ ಚಾಚಿದ ತೋಳುಗಳು, ಅವೂ ತುದಿಯಲ್ಲಿ ಪುಡಿಯಾಗಿದ್ದವು. ತುಕ್ಕನ್ನು ಉಜ್ಜುತ್ತ ಉಜ್ಜುತ್ತ ಬೆಳ್ಳಗಿನ ಕಬ್ಬಿಣ ಕಾಣುವವರೆಗೆ ಹಿಂದೆ ಸರಿದೆ. ಈ ಕೆಲಸದಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನು ಕಬ್ಬಿಣವೇ ಹೇಳುತ್ತದೆ, ನಮ್ಮ ಆತುರ ಹೇಳಬಾರದು. ಅಲ್ಲಿಂದ ಹೊಸ ಚಾನೆಲ್ ಕಬ್ಬಿಣ ಬೆಸೆದು ತೋಳು ಕಟ್ಟಿದೆ. ಬೆಸುಗೆಯ ಮೇಲೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಎರಡು ಸಲ, ಆರಿದ ಮೇಲೆ ಕರಿ ಬಣ್ಣ.

ಮೇಲೆ ಹಾಸಲು ತಗಡು ಬೇಡವೆಂದು ನಿರ್ಧರಿಸಿದೆ. ಯಾವಗಲ್‌ನಲ್ಲಿ ಮಾನಪ್ಪ ಎಂಬ ಬಡಿಗ ಇದ್ದಾನೆ, ಹಿಂದೆ ಎತ್ತಿನ ಚಕ್ಕಡಿ ಮಾಡುತ್ತಿದ್ದ. ಅವನಿಂದ ಒಣಗಿದ ಜಾಲಿ ಕಟ್ಟಿಗೆಯ ಪಟ್ಟಿಗಳನ್ನು ಮಾಡಿಸಿದೆ. ಜಾಲಿ ಬಿಸಿಲಿಗೆ ಕಬ್ಬಿಣದಷ್ಟು ಸುಡುವುದಿಲ್ಲ, ಹುಳಿಗೆ ಅಂಜುವುದಿಲ್ಲ. ಪಟ್ಟಿ ಪಟ್ಟಿಯ ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟು, ಕಟ್ಟಿಗೆಗೂ ಕಬ್ಬಿಣಕ್ಕೂ ನಡುವೆ ಟ್ಯೂಬಿನ ತುಂಡು ಕೊಟ್ಟು, ಬೋಲ್ಟ್ ಹಾಕಿದೆ. ಎರೆಮಣ್ಣು ಸಂದಿನಿಂದ ಉದುರುತ್ತದೆ, ನೀರು ನಿಲ್ಲುವುದಿಲ್ಲ. ಹುಳಿ ಅರಿವೆಗೆಂದು ಹಿಂದಿನ ಬಾಗಿಲಿಗೆ ಪ್ಲಾಸ್ಟಿಕ್ ಬಕೆಟ್ಟೊಂದನ್ನು ತೂಗುಹಾಕಿದೆ. ಮಾನಪ್ಪ ಪಟ್ಟಿಗಳನ್ನು ತಂದ ದಿನ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, "ಮಿಸ್ತ್ರೀ, ಗಾಡಿಗೆ ಚಕ್ಕಡಿ ಕಾಲು ಹಚ್ಚೀರಲ್ಲರೀ," ಎಂದು ನಕ್ಕ. ನನಗೆ ಅದು ಹೊಗಳಿಕೆಯಾಗಿಯೇ ಕೇಳಿಸಿತು. ಎಷ್ಟೋ ಬಸ್ಸುಗಳ ಬಾಡಿ ಕಟ್ಟಿದ್ದೇನೆ. ಅಷ್ಟು ಚೊಕ್ಕ ಕೆಲಸ ಇನ್ನೊಂದು ನನ್ನ ಕೈಯಿಂದ ಆಗಿಲ್ಲ.

ಹೊಲಿಗೆ ಬಿಚ್ಚಿದ ಮರುದಿನ ಬೆಳಿಗ್ಗೆ ರತ್ನವ್ವ ಬಂದಳು, ಸ್ವಲ್ಪ ಕುಂಟುತ್ತ. ನಾನೇ ಹೇಳಿ ಕಳಿಸಿದ್ದೆ: ಹತ್ತುವುದು ಬೇಡ, ಬಂದು ನೋಡಿ ಹೋಗಲಿ ಎಂದು. ಗುಂಪು ದೂರದಲ್ಲೇ ನಿಂತಿತು. ತನ್ನ ಹೊಸ ಪಟ್ಟಿಯ ಕೆಲಸ ನೋಡಲು ಮಾನಪ್ಪನೂ ಬಂದಿದ್ದ. ಯಲ್ಲಪ್ಪ ಬಾಗಿಲು ತೆಗೆದು ಪಕ್ಕಕ್ಕೆ ಸರಿದ.

"ಮೊದಲ ಕಾಶವ್ವ ಹತ್ತಲಿ," ಎಂದು ಯಾರೋ ಅಂದರು.

"ನಾ ಬಿದ್ರ ಕ್ರೇನ್ ತರಸ್ತೀರೇನ?" ಎಂದಳು ಕಾಶವ್ವ. ಆದರೆ ಅವಳೂ ಮುಂದೆ ಬರಲಿಲ್ಲ.

ನಾನು ಪಾವಟಿಗೆಯ ಮೇಲೆ ಹತ್ತಿ ನಿಂತು, ಜಿಗಿದು ತೋರಿಸಿದೆ. ರತ್ನವ್ವ ತಲೆ ಅಲ್ಲಾಡಿಸಿದಳು.

"ನೀವು ಮ್ಯಾಲ ನಿಂತ್ರ ನನಗೇನು ತಿಳೀತೈತ್ರಿ? ಮುರದ್ರ ನೀವು ಜಿಗೀತೀರಿ. ಕೆಳಗ ಕೈ ಇಡ್ರಿ. ನನ್ನ ಕಾಲು ಎಲ್ಲಿ ಹೋಗಿತ್ತೋ ಅಲ್ಲೇ ಇಡ್ರಿ. ನಾ ಹತ್ತತೀನಿ."

"ಅಕ್ಕಾ, ಮಿಸ್ತ್ರಿ ಕೈ ಹೊಟ್ಟಿ ಪಾಡಿಂದು..." ಎಂದು ಯಲ್ಲಪ್ಪ ಶುರು ಮಾಡಿದ.

"ನನ್ನ ಕಾಲೂ ಹೊಟ್ಟಿ ಪಾಡಿಂದ ಐತಿ," ಎಂದಳು ರತ್ನವ್ವ.

ಆ ಮಾತು ನ್ಯಾಯದ್ದು. ಹೊಸ ಪಾವಟಿಗೆಯ ಕೆಳಗೆ, ಹಳೆಯದು ಹರಿದಿದ್ದ ಅದೇ ಜಾಗದಲ್ಲಿ, ಕಲ್ಲೊಂದರ ಮೇಲೆ ಮೊಣಕೈ ಊರಿ, ಬಲಗೈಯನ್ನು ಚಪ್ಪಟೆಯಾಗಿ ಕಟ್ಟಿಗೆಯ ಅಡಿಗೆ ಬೆರಳಗಲದ ಅಂತರದಲ್ಲಿ ಹಿಡಿದೆ. ಪಟ್ಟಿ ಮುರಿದರೆ ಕಲ್ಲಿಗೂ ಕಟ್ಟಿಗೆಗೂ ನಡುವೆ ನನ್ನ ಕೈ. ಬೆಸುಗೆ ಹಾಕುವ ಕೈ ಅದು. ಅದಿಲ್ಲದೆ ನನಗೆ ಶೆಡ್ ಇಲ್ಲ. ತೋಳಿನ ಬೆಸುಗೆಗಳನ್ನು ಒಂದೊಂದಾಗಿ ಮನಸ್ಸಿನಲ್ಲೇ ಮುಟ್ಟಿ ನೋಡಿದೆ. ಒಂದರ ಮೇಲೂ ಅನುಮಾನ ಬರಲಿಲ್ಲ.

ರತ್ನವ್ವ ಕಂಬ ಹಿಡಿದಳು. ಗಾಯದ ಕಾಲನ್ನೇ ಮೊದಲು ಇಟ್ಟಳು. ಸ್ವಲ್ಪ ಹೊತ್ತು ಹಾಗೇ ಇದ್ದಳು, ಆಮೇಲೆ ಭಾರ ಹಾಕಿದಳು. ನನ್ನ ಅಂಗೈಗೆ ಕಟ್ಟಿಗೆ ಒತ್ತಲಿಲ್ಲ.

"ಕಾಶವ್ವಾ, ನೀನೂ ಬಾ," ಎಂದಳು.

"ಮಿಸ್ತ್ರೀ, ಕೈ ತಗೀರಿ. ನನ್ನ ಮಾತು ಬ್ಯಾರೆ!" ಎಂದು ಕಾಶವ್ವ ಕೂಗಿದಳು.

"ತಗಿಯಂಗಿಲ್ಲ. ಬಾ," ಎಂದೆ.

ಆಕೆಯೂ ಹತ್ತಿ ನಿಂತಳು. ಗಾಡಿ ಎಡಕ್ಕೆ ವಾಲಿತು, ಸ್ಪ್ರಿಂಗ್ ಕಿರುಗುಟ್ಟಿತು. ಪಾವಟಿಗೆ ಮಾತ್ರ ಗಾಡಿಯ ಜೊತೆಗೇ ಇಳಿದು ಅಂಗೈಗೆ ಬಂದು ಕೂತಿತೇ ಹೊರತು ಬಾಗಲಿಲ್ಲ. ಇಬ್ಬರೂ ಒಳಗೆ ಹೋಗಿ ಕೂತ ಮೇಲೆ ಕೈ ತೆಗೆದೆ. ಅದು ಹಾಗೇ ಇತ್ತು. ಉಳಿದವರು ಒಬ್ಬೊಬ್ಬರಾಗಿ ಹತ್ತಿದರು. ಯಲ್ಲಪ್ಪ ಈ ಸಲ ಇಳಿದು ಬಂದು ಎಡಗಡೆ ನೋಡಿ, ಆಮೇಲೆ ಗಾಡಿ ಬಿಟ್ಟ. ಈಗಲೂ ದಿನಾಲೂ ಹಾಗೇ ಮಾಡುತ್ತಾನೆ.

ಅಂದಿನಿಂದ, ಮನುಷ್ಯರ ಭಾರ ಹೊರುವ ಯಾವ ಕೆಲಸವನ್ನೂ ಅದರ ಕೆಳಗೆ ನನ್ನ ಕೈ ಇಡುವ ಧೈರ್ಯ ಬರುವವರೆಗೆ ನಾನು ಗಿರಾಕಿಗೆ ಒಪ್ಪಿಸುವುದಿಲ್ಲ. ಈ ಅಳತೆ ನಲವತ್ತು ವರ್ಷದ ನೌಕರಿಯಲ್ಲಿ ಯಾರೂ ಕಲಿಸಿರಲಿಲ್ಲ. ರತ್ನವ್ವ ಕಲಿಸಿದಳು.

ಕಾಲು ಸಿಕ್ಕಿದ್ದನ್ನೂ ನಾನು ಕೈ ಇಟ್ಟದ್ದನ್ನೂ ಎರಡನ್ನೂ ನೋಡಿದವರು ಯಲ್ಲಪ್ಪ, ಕಾಶವ್ವ ಮತ್ತು ಆ ಗುಂಪಿನ ಹೆಂಗಸರು. ಕೈ ಇಟ್ಟದ್ದನ್ನು ಮಾತ್ರ ನೋಡಿದವನು ಯಾವಗಲ್‌ನ ಮಾನಪ್ಪ. ಎಲ್ಲರೂ ಇದ್ದಾರೆ. ರತ್ನವ್ವನೂ ಇದ್ದಾಳೆ, ಈ ಸುಗ್ಗಿಗೂ ಹೊಲಕ್ಕೆ ಹೋಗುತ್ತಿದ್ದಾಳೆ. ನಾನು ಬರೆದದ್ದರಲ್ಲಿ ಹೆಚ್ಚುಕಡಿಮೆ ಏನಾದರೂ ಇದ್ದರೆ ಅವರು ಹೇಳಲಿ.