ಮಶೇರಿ ತಿಕ್ಕಿದ ಬಾಯಿ

ಗೆಳೆಯರೇ, ಇಂದು ನಿಪ್ಪಾಣಿಯಲ್ಲಿ ನಮ್ಮ ಕ್ಯಾನ್ಸರ್ ಸಂಸ್ಥೆಯಿಂದ ಬೀಡಿ ಕಟ್ಟುವ ಹೆಂಗಸರ ಬಾಯಿ ತಪಾಸಣೆ ಇತ್ತು. ಮೊದಲು ಬಂದ ಶಾಂತವ್ವನ ಹಲ್ಲೆಲ್ಲ ಕಪ್ಪು. ಇಲ್ಲಿಯವರು ಹಲ್ಲು ತಿಕ್ಕುವ ಹುರಿದ ತಂಬಾಕಿನ ಪುಡಿ, ಮಶೇರಿ.

"ಇದನ್ನ ಈಗ ಹಚ್ಚಿದ್ದೇನವ್ವಾ?" ಎಂದರು ಡಾಕ್ಟರು.

"ಹೌದ್ರಿ ಸಾಹೇಬ್ರ. ನಿಮ್ಮ ಮುಂದ ಹೊಲಸ ಬಾಯಿ ಹೆಂಗ ತಗೀಲಿ? ಎಲ್ಲಾರೂ ತಿಕ್ಕೊಂಡ ಬಂದೀವಿ."

ಕೆನ್ನೆಯೊಳಗೆ ದೊಡ್ಡ ಹುಣ್ಣು. ಡಾಕ್ಟರು ಟಾರ್ಚ್ ಆರಿಸಿದರು.

"ಬಾಳ ನೋಯತೈತ್ರಿ. ಮಶೇರಿ ಒತ್ತಿದ್ರ ಕಡಿಮಿ ಆಗತೈತಿ," ಎಂದಳು ಅವಳೇ.

ನಾಳೆ ಮಿರಜಿನ ದೊಡ್ಡ ಆಸ್ಪತ್ರೆಗೆ ನಾವೇ ಕರೆದೊಯ್ಯುತ್ತೇವೆ, ಖರ್ಚು ಸಂಸ್ಥೆಯದು ಎಂದೆ.

"ಆತ್ರಿ. ಅಲ್ಲಿಗೂ ಚಲೋತ್ನ್ಯಾಗ ತಿಕ್ಕೊಂಡ ಬರ್ತೀನಿ."

ಬಾಯಿ ಸ್ವಚ್ಛ ಮಾಡಿಕೊಂಡು ಬನ್ನಿ ಎಂದು ನಿನ್ನೆ ಟಾಂಗಾಕ್ಕೆ ಮೈಕು ಕಟ್ಟಿ ಓಣಿ ಓಣಿ ಸಾರಿದವರು ನಾವೇ.