ಚಾಲಗೇಣಿಯ ಕಾರು

ಮದರಾಸಿನಲ್ಲಿ ಬಿ.ಎ. ಓದುವಾಗ ಹಿಡಿದ ಡೈರಿಯ ಅಭ್ಯಾಸವನ್ನು ನಾನು ಈಗಲೂ ಬಿಟ್ಟಿಲ್ಲ. ಆದರೂ ಬದುಕಿನಲ್ಲಿ ಅತಿ ಹೆಚ್ಚು ಹೆದರಿದ ದಿನದ ಬಗ್ಗೆ ಅದರಲ್ಲಿರುವುದು ಒಂದೇ ಸಾಲು: ಕಾರಿನಲ್ಲಿ ಕಾಸರಗೋಡಿಗೆ ಬಂದೆವು, ಬಿಸಿಲು ಜೋರು. ಉಳಿದದ್ದನ್ನು ನೆನಪಿನಿಂದಲೇ ಬರೆಯಬೇಕು. ನನ್ನ ನೆನಪನ್ನು ನಾನು ಪೂರ್ತಿ ನಂಬುವವಳಲ್ಲ. ಮನೆಯಲ್ಲಿ ನಾವು ಆಡುತ್ತಿದ್ದುದು ತುಳು. ಇಲ್ಲಿ ಕನ್ನಡದಲ್ಲಿ ಬರುವ ಮಾತುಗಳೆಲ್ಲ ಆಗಲೇ ಒಂದು ಸಲ ಬಟ್ಟೆ ಬದಲಿಸಿವೆ.

ಐವತ್ತರ ದಶಕದ ಆರಂಭ. ನನಗೆ ಎಂಟನೇ ತಿಂಗಳು. ಗಂಡ ಮದರಾಸಿನಲ್ಲಿ ಕೆಲಸದಲ್ಲಿದ್ದರು, ನಾನು ಹೆರಿಗೆಗೆಂದು ಮೂರನೇ ತಿಂಗಳಲ್ಲೇ ಬದಿಯಡ್ಕದ ಹತ್ತಿರ ತಾಯಿಯ ಮನೆಗೆ ಬಂದಿದ್ದೆ. ಅದಕ್ಕೆ ಹಿಂದೆ ಒಂದು ಮಗು ಹೊಟ್ಟೆಯಲ್ಲೇ ಹೋಗಿತ್ತು. ಅದು ಹೋದದ್ದು ನನಗೆ ತಿಳಿದದ್ದು ನೋವಿನಿಂದಲ್ಲ. ಒಳಗಿನ ಅಲುಗಾಟ ನಿಂತುಹೋದದ್ದರಿಂದ. ಹಾಗಾಗಿ ಈ ಸಲ ದಿನವಿಡೀ ನನ್ನ ಕಿವಿಯೆಲ್ಲ ಹೊಟ್ಟೆಯಲ್ಲಿ. ಸೂಲಗಿತ್ತಿ ಬಂದು ನೋಡಿ, "ಇದು ಅಡ್ಡ ಮಲಗಿದೆ. ನನ್ನ ಕೈಯಲ್ಲಿ ಆಗುವುದಲ್ಲ, ಕಾಸರಗೋಡಿನ ಆಸ್ಪತ್ರೆಗೆ ಮೊದಲೇ ಹೋಗಿ ಕೂತುಕೊಳ್ಳಿ. ಬಸ್ಸು ಮಾತ್ರ ಬೇಡ, ಕುಲುಕಿ ಹಾಕ್ತದೆ" ಅಂದಳು.

ಬಸ್ಸು ಬೇಡವೆಂದರೆ ಅಣ್ಣನ ಕಾರು ಉಂಟಲ್ಲ, ಎಂದಿತು ಮನೆ. ನನಗೆ ಹೆದರಿಕೆ ಹಿಡಿದದ್ದು ಅಲ್ಲಿಂದಲೇ.

ಕಾರು ನಿಜಕ್ಕೂ ಅಣ್ಣನದಲ್ಲ. ಕಾಸರಗೋಡಿನ ಒಬ್ಬ ಧಣಿಯದು. ಆ ಧಣಿಗೆ ಗದ್ದೆಗಳಿದ್ದವು, ಒಕ್ಕಲುಗಳಿದ್ದರು, ಯಾರಿಂದಲೋ ಕೊಂಡ ಒಂದು ಹಳೆಯ ಕಾರೂ ಇತ್ತು. ಬಾಡಿಗೆ ಓಡಿಸುತ್ತೇನೆಂದು ಅಣ್ಣ ಹೋಗಿ ಕೇಳಿದಾಗ ಧಣಿಗೆ ಕಾರು ಕೊಡುವ ಬೇರೆ ಕ್ರಮ ಗೊತ್ತಿರಲಿಲ್ಲ. ಗದ್ದೆ ಕೊಡುವ ಹಾಗೆಯೇ ಚಾಲಗೇಣಿಗೆ ಕೊಟ್ಟರು. ಮೂಲಗೇಣಿಯವನನ್ನು ಗದ್ದೆಯಿಂದ ಎಬ್ಬಿಸುವ ಹಾಗಿಲ್ಲ. ಚಾಲಗೇಣಿಯವನನ್ನು ವರ್ಷ ಮುಗಿದ ಕೂಡಲೇ ಎಬ್ಬಿಸಬಹುದು. ಅದಕ್ಕೆ ತಕ್ಕಂತೆ ನಡೆದುಕೊಂಡು ಬಂದ ರೀತಿಯೂ ಇತ್ತು. ಚಾಲಗೇಣಿಯವನು ಬದು ಕಟ್ಟುತ್ತಾನೆ, ನೀರು ಹರಿಯುವ ತೋಡು ಕೆರೆಯುತ್ತಾನೆ, ಆದರೆ ತೆಂಗಿನ ಸಸಿ ನೆಡುವುದಿಲ್ಲ. ಕಾಯಿ ಬಿಡುವ ಹೊತ್ತಿಗೆ ಆ ಗದ್ದೆಯಲ್ಲಿ ಯಾರಿರುತ್ತಾರೋ.

ಕಾರು ಬಂದ ಹೊಸದರಲ್ಲಿ ಅಣ್ಣ ಅಂಗಳದಲ್ಲಿ ಬಾನೆಟ್ ತೆರೆದಿಟ್ಟು ನನಗೆ ಪಾಠ ಹೇಳುತ್ತಿದ್ದ. ಇದು ರೇಡಿಯೇಟರ್, ಇಂಜಿನಿಗೆ ನೀರು ಕುಡಿಸುವುದು. ಇದು ಚೋಕ್, ತಣ್ಣಗಿರುವಾಗ ಎಳೆಯುವುದು. ಕ್ಲಚ್ ಒತ್ತಿದರೆ ಇಂಜಿನಿಗೂ ಚಕ್ರಕ್ಕೂ ಮಾತು ಬಿಡುತ್ತದೆ, ಬಿಟ್ಟರೆ ರಾಜಿಯಾಗುತ್ತದೆ. ನ್ಯೂಟ್ರಲ್ ಅಂದರೆ ಯಾವ ಗಿಯರೂ ಇಲ್ಲ, ಕಾರು ಬರೀ ಗಾಡಿ. ಚಕ್ರದೊಳಗೆ ಬ್ರೇಕಿನ ಲೈನಿಂಗ್ ಅಂತ ಒಂದು ಪಟ್ಟಿ ಉಂಟು, ಅದು ಸವೆದರೆ ಪೆಡಲು ಎಷ್ಟು ತುಳಿದರೂ ಒಂದೇ. ನನಗೆ ಹೊಸ ಶಬ್ದಗಳೆಂದರೆ ಇಷ್ಟ. ಎಲ್ಲವನ್ನೂ ಕಲಿತೆ.

ಲೈನಿಂಗ್ ಸವೆದಿತ್ತು. ಅಣ್ಣ ಧಣಿಗೆ ಹೇಳಿದ್ದ. ಧಣಿ ಹೇಳಿದ ಉತ್ತರವನ್ನು ಅಣ್ಣ ಊಟಕ್ಕೆ ಕೂತಾಗ ಅವರ ಸ್ವರದಲ್ಲೇ ಆಡಿ ತೋರಿಸಿದ್ದು ನೆನಪುಂಟು. "ಉಳುವವ ನೀನು ಮಾರಾಯ, ಬದು ಜರಿದರೆ ನಾನು ಬಂದು ಕಟ್ಟುವುದಾ?"

"ನೀನು ಎಂತ ಹೇಳಿದಿ?" ಎಂದು ಅಮ್ಮ ಕೇಳಿದರು.

"ಧಣಿಗಳೇ, ಟಯರಿಗೆ ಪಂಕ್ಚರ್ ಹಾಕುವುದು ಬದು. ಎಣ್ಣೆ ಹಾಕುವುದು ಬದು. ಲೈನಿಂಗ್ ಹೊಸತು ಹಾಕುವುದು ತೆಂಗಿನ ಸಸಿ, ಅಂತ ಹೇಳಿದೆ."

ನಾವೆಲ್ಲ ನಕ್ಕೆವು. ನಾನು ಹೆಚ್ಚು ನಕ್ಕಿರಬೇಕು. ಇಬ್ಬರೂ ತಮಾಷೆ ಮಾಡುತ್ತಿರಲಿಲ್ಲ ಎಂಬುದು ಆಗ ಹೊಳೆಯಲಿಲ್ಲ. ತಿಂಗಳುಗಟ್ಟಲೆ ಆ ವಾದ ಹಾಗೇ ನಿಂತಿತು, ಕಾರು ಓಡುತ್ತಲೇ ಇತ್ತು. ಬ್ರೇಕಿಲ್ಲದಿದ್ದರೆ ಹೇಗೆ ಓಡಿಸುತ್ತೀಯೆಂದು ಕೇಳಿದಾಗ ಅಣ್ಣ, "ಗಿಯರಿನಲ್ಲಿ. ಇಂಜಿನು ಹಿಡಿದುಕೊಳ್ತದೆ" ಅಂದಿದ್ದ.

ಹೊರಟ ದಿನ ಅಣ್ಣ ಸ್ಟಿಯರಿಂಗಿನಲ್ಲಿ, ನಾನೂ ಅಮ್ಮನೂ ಹಿಂದೆ. ಕುಂಬಳೆಯ ಮೇಲೆ ಹೋಗುವುದು ಸುತ್ತು, ಆದರೆ ಹೊಂಡ ಕಡಿಮೆ ಎಂದು ಆ ದಾರಿ ಹಿಡಿದಿದ್ದ. ನಾನು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಮಗು ಹೊರಳಿದಾಗಲೆಲ್ಲ ಅಮ್ಮನಿಗೆ ಹೇಳುತ್ತಿದ್ದೆ. ಏರು ಹತ್ತಿ ಮುರಕಲ್ಲಿನ ಕೆಂಪು ಬಯಲಿಗೆ ಬರುವಷ್ಟರಲ್ಲಿ ರೇಡಿಯೇಟರ್ ಕುದಿಯಿತು. ನಿಲ್ಲಿಸಿ, ಆರಲು ಬಿಟ್ಟು, ಡಬ್ಬಿಯಲ್ಲಿದ್ದ ನೀರು ಹಾಕಿದ. ನೆರಳಿಗೆ ಒಂದು ಗೇರುಮರವೂ ಹತ್ತಿರವಿರಲಿಲ್ಲ. ಬಂಡೆಯ ಕಾವು ಚಪ್ಪಲಿ ದಾಟಿ ಬರುತ್ತಿತ್ತು.

ಮುಂದೆ ಇಳಿಜಾರು. ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವ ಬದಲು ಅಣ್ಣ ಯಾವಾಗಲೂ ಮಾಡುವ ಉಪಾಯ ಹೂಡಿದ. ಎರಡನೇ ಗಿಯರಿಗೆ ಹಾಕಿ, ಕ್ಲಚ್ ಒತ್ತಿಹಿಡಿದು, ಕಾರನ್ನು ಇಳಿಜಾರಿಗೆ ಬಿಡುವುದು. ಸ್ವಲ್ಪ ಓಟ ಸಿಕ್ಕಿದ ಮೇಲೆ ಕ್ಲಚ್ ಬಿಟ್ಟರೆ ಇಂಜಿನು ಎಚ್ಚರಾಗುತ್ತದೆ. ಕಾರು ಸದ್ದಿಲ್ಲದೆ ಉರುಳತೊಡಗಿತು. ಅಮ್ಮ, "ಹೀಗೆ ಹೋಗುವುದೇ ಚಂದ, ಗಾಳಿ ಬರ್ತದೆ" ಅಂದರು.

ಅಣ್ಣ ಕ್ಲಚ್ ಬಿಟ್ಟ. ಕಾರು ಒಮ್ಮೆ ಮುಗ್ಗರಿಸಿತು, ಕೆಳಗೆಲ್ಲೋ ಟಕ್ ಎಂದಿತು, ಗಿಯರಿನ ಕೋಲು ತಾನಾಗಿ ಹಿಂದೆ ಜಾರಿತು. ಇಂಜಿನು ಹಿಡಿಯಲಿಲ್ಲ. ಅವನು ಮತ್ತೆ ಕ್ಲಚ್ ಒತ್ತಿ ಕೋಲನ್ನು ನೂಕಿದ. ಹಲ್ಲಿಗೆ ಹಲ್ಲು ಕಚ್ಚಿದ ಸದ್ದು ಬಂತು, ಗಿಯರ್ ಕೂರಲಿಲ್ಲ. ಇನ್ನೊಮ್ಮೆ. ಅದೇ ಸದ್ದು.

ನನಗೆ ಎಲ್ಲ ಅರ್ಥವಾಗುತ್ತಿತ್ತು, ಅದೇ ಕಷ್ಟವಾದದ್ದು. ನ್ಯೂಟ್ರಲ್. ಇಂಜಿನು ಸತ್ತಿದೆ. ಅವನ ಬಲಗಾಲು ಪೆಡಲನ್ನು ತುಳಿಯುತ್ತಿದೆ, ತುಳಿದದ್ದು ಎಲ್ಲಿಗೂ ತಲುಪುತ್ತಿಲ್ಲ. ಹ್ಯಾಂಡ್ ಬ್ರೇಕ್ ಎಳೆದ. ಅದೂ ಅದೇ ಸವೆದ ಪಟ್ಟಿಯನ್ನು ನಂಬಿದ್ದು. ಅಂಗಳದಲ್ಲಿ ಕಲಿತ ಒಂದೊಂದು ಶಬ್ದವೂ ಸರದಿಯಲ್ಲಿ ಬಂದು, ನಾನಿಲ್ಲ, ನಾನಿಲ್ಲ ಎಂದು ಹೇಳಿ ಹೋದ ಹಾಗೆ. ಅಮ್ಮ ಇನ್ನೂ ಗಾಳಿಗೆ ಮುಖ ಕೊಟ್ಟು ಕೂತಿದ್ದರು.

"ಬ್ರೇಕು?" ಎಂದು ಕೇಳಿದೆ. ನನ್ನ ಸ್ವರ ಹೊರಗೆ ಬಂತೋ ಇಲ್ಲವೋ ಗೊತ್ತಿಲ್ಲ.

"ನೀನು ಸುಮ್ಮನಿರು. ಅಮ್ಮಾ, ಇವಳನ್ನು ಹಿಡಿದುಕೊಳ್ಳಿ" ಅಂದ ಅಣ್ಣ.

ದಾರಿ ಮುಂದೆ ಮುರಕಲ್ಲನ್ನು ಕಡಿದು ಮಾಡಿದ ಓಣಿಗೆ ಇಳಿಯುತ್ತಿತ್ತು. ಓಣಿಯ ಆಚೆ ತಿರುವು, ತಿರುವಿನ ಕೆಳಗೆ ಬೇಸಗೆಯಲ್ಲಿ ಒಣಗಿದ ತೋಡು. ಆ ತೋಡಿನ ಕಲ್ಲುಗಳು ನನಗೆ ಕಂಡವು ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಓಣಿಯೊಳಗಿಂದ ಅವು ಕಾಣುವುದು ಸಾಧ್ಯವಿಲ್ಲ. ಆದರೂ ಕಂಡವು.

ಅಮ್ಮ ತಿರುಗಿ ನನ್ನ ಹೊಟ್ಟೆಯನ್ನು ಎರಡೂ ತೋಳುಗಳಿಂದ ಬಳಸಿ, ತಲೆಯನ್ನು ನನ್ನ ತೊಡೆಗೆ ಒತ್ತಿದರು. ಅಣ್ಣ ಸ್ಟಿಯರಿಂಗನ್ನು ಎಡಕ್ಕೆ ಎಳೆದ. ಕಾರಿನ ಪಕ್ಕ ಓಣಿಯ ಕಲ್ಲುಗೋಡೆಗೆ ತಾಗಿತು. ತಾಗಿದ್ದಲ್ಲ, ಉಜ್ಜಿತು. ಮಡ್‌ಗಾರ್ಡ್ ಹರಿಯಿತು, ಕಾಲಿಡುವ ಹಲಗೆ ಸೀಳಿಕೊಂಡು ಹಿಂದೆ ಬಿತ್ತು, ಕೆಂಪು ಪುಡಿ ನಮ್ಮ ಬಾಯಿಯೊಳಗೆಲ್ಲ ಸೇರಿತು. ಗೋಡೆ ಮುಗಿಯುವ ಮೊದಲು ಕಾರು ನಿಂತಿತು.

ಅಣ್ಣ ಸ್ಟಿಯರಿಂಗಿನಿಂದ ಕೈ ತೆಗೆಯಲಿಲ್ಲ. ನಾನು ಒಳಗೆ ಕಿವಿಗೊಟ್ಟು ಕೂತೆ. ಏನೂ ಇಲ್ಲ. ಬೆಳಗಿನಿಂದ ಅಷ್ಟು ಹೊರಳಿದ್ದ ಮಗು ಅಲುಗಲಿಲ್ಲ. ಹಿಂದಿನ ಸಲದ ಆ ಮೌನ ನನಗೆ ಗುರುತಿತ್ತು, ಇದೂ ಅದೇ ಎನಿಸಿತು.

ಇಳಿದು ಗೋಡೆಗೆ ಒರಗಿ ಕೂತೆ. ಅಣ್ಣ ಹ್ಯಾಂಡಲ್ ತಿರುಗಿಸಿ ಇಂಜಿನನ್ನು ಎಬ್ಬಿಸಿದ, ಒಂದನೇ ಗಿಯರ್ ಹೇಗೋ ಕೂತಿತು. "ಒಂದರಲ್ಲೇ ಇರುವೆಯ ಹಾಗೆ ಹೋಗುತ್ತೇನೆ. ಕೆಳಗಿನವರೆಗೆ ನೀವು ನಡೆಯಿರಿ, ಸಮತಟ್ಟಿನಲ್ಲಿ ಹತ್ತಿ" ಅಂದ.

"ನಾನು ಹತ್ತುವುದಿಲ್ಲ."

"ಹತ್ತದೆ ಎಂತ ಮಾಡ್ತಿ? ಕುಂಬಳೆಯವರೆಗೆ ನಡೀತಿಯಾ?"

"ಹತ್ತುವುದಿಲ್ಲ. ಮಗು ಅಲುಗುವುದಿಲ್ಲ."

ಅಣ್ಣನ ಮುಖ ನೋಡಲಾಗಲಿಲ್ಲ. ಅಮ್ಮ ನನ್ನ ಪಕ್ಕದಲ್ಲಿ ಕೂತು, ಸೆರಗಿನಿಂದ ನನ್ನ ಬಾಯಿಯ ಪುಡಿ ಒರೆಸಿ, ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಒಂದಿಷ್ಟು ಹೊತ್ತು ಹಾಗೇ ಇಟ್ಟರು.

"ಒದೆಯಿತು" ಅಂದರು.

"ನನಗೆ ಗೊತ್ತಾಗಲಿಲ್ಲ."

"ನಿನಗೆ ಹೇಗೆ ಗೊತ್ತಾಗುವುದು, ನಡುಗ್ತಾ ಇದ್ದಿ. ನನ್ನ ಕೈಗೆ ಸಿಕ್ಕಿತು. ಏಳು."

ಎದ್ದೆ. ಅಣ್ಣ ಕಾರನ್ನು ಮುಂದೆ ಇಳಿಸಿದ. ಅಮ್ಮ ಮುರಿದ ಹಲಗೆಯ ತುಂಡೊಂದನ್ನು ಎತ್ತಿಕೊಂಡು, ಬೇಕಾದರೆ ಚಕ್ರದಡಿಗೆ ತುರುಕಲೆಂದು ಕಾರಿನ ಬದಿಯಲ್ಲೇ ನಡೆದರು, ನಾನು ಹಿಂದೆ. ಸಮತಟ್ಟಿನಲ್ಲಿ ಹತ್ತಿ ಕೂತೆ. ಮೋರಿ ಬಂದಾಗಲೆಲ್ಲ, ದನ ಅಡ್ಡ ಬಂದಾಗಲೆಲ್ಲ ನನ್ನ ಕಾಲು ಇಲ್ಲದ ಪೆಡಲನ್ನು ತುಳಿಯುತ್ತಿತ್ತು. ಕುಂಬಳೆ ದಾಟಿದೆವು. ಒಳಗೆ ಏನೂ ಅಲುಗಲಿಲ್ಲ. ಕಾಸರಗೋಡಿನ ಪೇಟೆ ಬಂತು. ಅಲುಗಲಿಲ್ಲ. ಅಮ್ಮನ ಕೈ ಮಾತ್ರ ನನ್ನ ಹೊಟ್ಟೆಯ ಮೇಲಿಂದ ಕದಲಲಿಲ್ಲ; ಆ ಕೈಯನ್ನು ನೋಡುವುದಕ್ಕೂ ನನಗೆ ಧೈರ್ಯವಿರಲಿಲ್ಲ.

ಆಸ್ಪತ್ರೆಯಲ್ಲಿ ನರ್ಸಮ್ಮ ಮರದ ಕೊಳವೆಯೊಂದನ್ನು ಹೊಟ್ಟೆಗೆ ಒತ್ತಿ ಅದಕ್ಕೆ ಕಿವಿ ಇಟ್ಟರು. ಜಾಗ ಬದಲಿಸಿದರು. ಮತ್ತೆ ಬದಲಿಸಿದರು. ನಾನು ಛಾವಣಿ ನೋಡುತ್ತಿದ್ದೆ.

"ಉಂಟು" ಅಂದರು.

ಮೂರು ವಾರದ ಮೇಲೆ ಮಗಳು ಹುಟ್ಟಿದಳು. ನಾನು ಆಸ್ಪತ್ರೆಯಲ್ಲಿದ್ದಾಗಲೇ ಅಣ್ಣ ಕಾರನ್ನು ಧಣಿಯ ಅಂಗಳದಲ್ಲಿ ಬಿಟ್ಟು, ಕೀಲಿಕೈ ಜಗಲಿಯ ಮೇಲಿಟ್ಟು ಬಂದನಂತೆ. ಆಮೇಲೆ ಅವನು ಆ ದಿನದ ಮಾತೆತ್ತಲಿಲ್ಲ. ಅವನ ಮುಂದೆ ನಾನೂ ಎತ್ತಲಿಲ್ಲ.

ಅಮ್ಮನನ್ನು ಮಾತ್ರ ಕೇಳಿದೆ, ಎಷ್ಟೋ ವರ್ಷ ಕಳೆದ ಮೇಲೆ. ಆ ಓಣಿಯಲ್ಲಿ ಮಗು ನಿಜವಾಗಿ ಒದೆಯಿತೇ ಎಂದು. ಒದ್ದಿದ್ದರೆ ಕಾಸರಗೋಡಿನವರೆಗೆ ನಾನು ಹೆದರಿದ್ದು ವ್ಯರ್ಥ. ಒದೆಯದಿದ್ದರೆ, ಅಷ್ಟು ದೂರವೂ ಅಮ್ಮ ನನಗಿಂತ ಹೆಚ್ಚು ಹೆದರಿಕೊಂಡು ಒಬ್ಬರೇ ಕೂತಿದ್ದರು.

ಅಮ್ಮ ಬಸಳೆ ಸೋಸುತ್ತಿದ್ದರು. ತಲೆ ಎತ್ತಲಿಲ್ಲ.

"ಒದೆಯಿತು ಅಂತ ಹೇಳದಿದ್ದರೆ ನೀನು ಆ ಕಾರು ಹತ್ತುತ್ತಿದ್ದಿಯಾ?" ಅಂದರು.