ಕೇಳದೆ ದಾಟಿದ ಮನೆ

ಅದು ೨೦೧೮ನೆಯ ಇಸವಿ; ನನಗಾಗ ಐವತ್ತೆರಡು ವರ್ಷ. ಇಂದು ಬೆಳಿಗ್ಗೆ ನೆರೆಯವರು ಹೊಸ ಗೋಡೆಗೆ ನೀರು ಹೊಡೆಯುತ್ತಿದ್ದಾಗ ಎದ್ದ ಹಸಿ ಸಿಮೆಂಟಿನ ವಾಸನೆ ಆ ವರ್ಷವನ್ನು ಎಬ್ಬಿಸಿ ತಂದು ನನ್ನೆದುರು ಕೂರಿಸಿತು. ನೀವೂ ಕೊಂಚ ಕುಳಿತುಕೊಳ್ಳಿ, ಹೇಳುತ್ತೇನೆ.

ಬಳ್ಳಾರಿಯ ನಮ್ಮ ಕ್ರೈಸ್ತ ಸಭೆಗೆ ಆಗ ಇದ್ದದ್ದು ತಗಡು ಹೊದಿಸಿದ ಒಂದು ಪ್ರಾರ್ಥನಾ ಮಂದಿರ. ಮಳೆ ಬಂದರೆ ಸಭಾಪಾಲಕರ ತುಟಿಗಳಷ್ಟೇ ಚಲಿಸುತ್ತಿದ್ದವು; ನಾವು ಅಂದಾಜಿನ ಮೇಲೆ ‘ಆಮೆನ್’ ಎನ್ನುತ್ತಿದ್ದೆವು. ಹೊಸ ದೇವಾಲಯ ಕಟ್ಟುವುದೆಂದು ನಿಶ್ಚಯವಾಯಿತು. ಸದಸ್ಯರ ಮನೆಗಳಿಗೆ ಹೋಗಿ ನೆರವು ಕೇಳುವ ಕೆಲಸ ನನ್ನ ಪಾಲಿಗೆ ಬಂತು. ಶಾಲಾ ಮಾಸ್ತರನಾಗಿ ವರ್ಷಗಟ್ಟಲೆ ಮಕ್ಕಳನ್ನು ಹೋಂವರ್ಕ್ ಕೇಳಿದವನಿಗೆ ಕೇಳುವುದರಲ್ಲಿ ಸಂಕೋಚವಿರದೆಂದು ಹಿರಿಯರು ಭಾವಿಸಿರಬೇಕು. ಸಂಕೋಚವಿತ್ತು, ಅದನ್ನು ಮುಚ್ಚಲೆಂದೇ ಮೂರು ಪುಟಗಳ ವಿನಂತಿಪತ್ರ ರಚಿಸಿದೆ. ಅರ್ಥವಿರಲಿ ಇಲ್ಲದಿರಲಿ, ಅರ್ಧವಿರಾಮಗಳೆಲ್ಲ ಸ್ವಸ್ಥಾನದಲ್ಲಿದ್ದವು.

ಬಸ್ಸು ಓಡಿಸಿ ನಿವೃತ್ತರಾಗಿದ್ದ ಹಿರಿಯ ದಾನಿಯೇಲಪ್ಪನವರ ಬೈಕಿನ ಹಿಂದೆ ಕುಳಿತು ಮೊದಲು ಸಿರುಗುಪ್ಪಕ್ಕೆ ಹೋದೆ. ತೆಕ್ಕಲಕೋಟೆ ದಾಟಿದ ಮೇಲೆ ನೀರು ನಿಂತ ಗದ್ದೆಗಳಲ್ಲಿ ಆಕಾಶವೇ ಮಡಿಮಡಿಯಾಗಿ ಮಲಗಿತ್ತು. ನಾವು ನೆಲದ ಮೇಲಿದ್ದೇವೆಂಬುದೇ ಮರೆಯುವಂತಿತ್ತು. ಮೊದಲ ಮನೆಯ ಯಜಮಾನರು ನನ್ನ ವಾಚನವನ್ನು ತಾಳ್ಮೆಯಿಂದ ಕೇಳಿದರು.

“ಮಾಸ್ತರ್ರ, ನೀವು ಎರಡನೇ ಪುಟಕ್ಕ ಬರೋದ್ರಾಗ ಚಾ ಆರಿ ಹೋತು. ಗುಡಿಗೆ ಕೊಡ್ರಿ ಅಂದಿದ್ರ ಸಾಕಿತ್ತು!”

“ಮೂರನೇ ಪುಟ ಇನ್ನಾ ಐತ್ರಿ, ಓಡಿ ಹೋಗಬ್ಯಾಡ್ರಿ,” ಎಂದು ದಾನಿಯೇಲಪ್ಪನವರು ನಕ್ಕರು.

ಮರುವಾರ ಕುರುಗೋಡು. ಬಂಡೆಗುಡ್ಡಗಳು ಬಿಸಿಲ ಮಬ್ಬಿನಲ್ಲಿ ತೇಲುವಂತೆ ಕಾಣುತ್ತಿದ್ದವು. ಒಂದು ಓಣಿಯಲ್ಲಿ ರೂತಮ್ಮ ಹೊಸ್ತಿಲ ಬಳಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ನಮ್ಮನ್ನು ಕಂಡು ಎದ್ದು, ಸೆರಗಿಗೆ ಕೈ ಒರೆಸಿ, ಚಾಪೆ ಹಾಸಿದಳು. ನಾನು ತಲೆಯಾಡಿಸಿ ಮುಂದಿನ ಮನೆಗೆ ನಡೆದೆ.

ಕಾರಣವಿತ್ತು. ಮೂವತ್ತು ವರ್ಷಗಳ ಹಿಂದೆ ಆಕೆ ಅನ್ಯಧರ್ಮದವನನ್ನು ಮದುವೆಯಾದಾಗ ಸಭೆಯ ಪಟ್ಟಿಯಿಂದ ಆಕೆಯ ಹೆಸರನ್ನು ಹೊಡೆದುಹಾಕಿದ್ದರು. ಆದರೂ ಆಕೆ ಪ್ರತಿ ಭಾನುವಾರ ಮೊದಲ ಬಸ್ಸಿಗೆ ಬಂದು ಬಾಗಿಲ ಪಕ್ಕ ಕೂರುತ್ತಿದ್ದಳು. ಕರ್ತನ ಭೋಜನಕ್ಕೆ, ಆ ರೊಟ್ಟಿ-ದ್ರಾಕ್ಷಾರಸಕ್ಕೆ, ಎಲ್ಲರೂ ಎದ್ದಾಗ ತಾನು ಏಳುತ್ತಿರಲಿಲ್ಲ. ಪಟ್ಟಿಯಲ್ಲಿಲ್ಲದವರನ್ನು ಕೇಳುವುದು ಕ್ರಮವಲ್ಲವೆಂದು ನಾನು ಎಣಿಸಿದ್ದೆ. ಗಂಡನ ಮನೆಯವರೆದುರು ಆಕೆಗೆ ಮುಜುಗರ ತಪ್ಪಿಸಿದೆನೆಂಬ ತೃಪ್ತಿಯೂ ಇತ್ತು.

ಮುಂದಿನ ಭಾನುವಾರ ಬಾಗಿಲ ಪಕ್ಕದ ಜಾಗ ಖಾಲಿ. ಅದರ ಮುಂದಿನ ಭಾನುವಾರವೂ ಖಾಲಿ.

“ಗುಡಿ ಕಟ್ಟಾಕ ಹೋಗಿ ಒಬ್ಬಾಕಿನ್ನ ಕಳಕೊಂಡ್ವಿ ನೋಡ್ರಿ,” ಎಂದರು ದಾನಿಯೇಲಪ್ಪ. ಈ ಬಾರಿ ಅವರು ನಗಲಿಲ್ಲ.

ಒಬ್ಬನೇ ಬಸ್ಸು ಹತ್ತಿ ಕುರುಗೋಡಿಗೆ ಹೋದೆ. ರೂತಮ್ಮ ಬಾಗಿಲಲ್ಲೇ ನಿಂತು ಮಾತಾಡಿದಳು.

“ಮೂವತ್ತು ವರ್ಷದಾಗ ನನ್ನ ಯಾರೂ ಹೊರಗ ಹೋಗು ಅಂದಿದ್ದಿಲ್ರಿ. ನೀವು ಬಾಯಿ ತೆಗೀದನ ಅಂದ್ರಿ. ‘ಎಲ್ಲಾರ ಮನಿಗೂ ಬಂದಾರಂತ, ನಮ್ಮನಿಗ್ಯಾಕ ಬರ್ಲಿಲ್ಲ?’ ಅಂತ ನನ್ನ ಗಂಡ ಕೇಳಿದ. ಏನಂತ ಹೇಳ್ಲಿ?”

ಚೀಲದಲ್ಲಿ ಪತ್ರವಿತ್ತು, ಕೈ ಅದರತ್ತ ಹೋಗಲಿಲ್ಲ. “ರೂತಮ್ಮಾ, ನಾವು ಗುಡಿ ಕಟ್ಟಾಕತ್ತೀವಿ. ನೀವೂ ಕೊಡಬೇಕು,” ಎಂದೆ. ನನ್ನ ಧ್ವನಿ ನನಗೇ ಅಪರಿಚಿತವಾಗಿತ್ತು.

“ಕೊಡೂಣಂತ್ರಿ ಸರ,” ಒಳಗಿನಿಂದ ಆಕೆಯ ಗಂಡನ ದನಿ ಬಂತು; ಹಿಂದೆಯೇ ಹೆಂಡತಿಗೆ, “ಮೊದ್ಲ ಆ ಮನುಷ್ಯಾನ್ನ ಒಳಗ ಕರಿಯಲೇ, ಬಿಸ್ಲಾಗ ನಿಂದ್ರಿಸೀದಿ!”

ಆಕೆ ಮತ್ತೆ ಸಭೆಗೆ ಬರತೊಡಗಿದಳು. ಕಾಣಿಕೆ ಸ್ವೀಕರಿಸಿ ಹೆಸರನ್ನು ಹೊರಗಿಡುವುದು ಯಾವ ನ್ಯಾಯವೆಂದು ನಾನು ಹಿರಿಯರ ಕೂಟದಲ್ಲಿ ಕೇಳಿದೆ. ಚರ್ಚೆ ತಿಂಗಳುಗಟ್ಟಲೆ ನಡೆಯಿತು. ಅಷ್ಟರಲ್ಲಿ ಗೋಡೆಗಳು ಎದ್ದವು, ಮೇಲ್ಛಾವಣಿಯೂ ಬಂತು.

ಸಭೆಯ ಕೆಲಸಕ್ಕೆ ಇಂದಿಗೂ ಮನೆಮನೆಗೆ ಹೋಗುತ್ತೇನೆ. ಓಣಿಯ ಯಾವ ಬಾಗಿಲನ್ನೂ ಬಿಡುವುದಿಲ್ಲ. ಕೆಲವರು ಇಲ್ಲವೆನ್ನುತ್ತಾರೆ. ಅನ್ನಲಿ, ಕೇಳಿಸಿಕೊಂಡಾದರೂ ಅನ್ನಲಿ. ಹೊಸ ದೇವಾಲಯದಲ್ಲಿ ಕರ್ತನ ಭೋಜನಕ್ಕೆ, ಪಟ್ಟಿಗೆ ಮರಳಿದ್ದ ರೂತಮ್ಮನ ಹೆಸರನ್ನು ಸಭಾಪಾಲಕರು ಕರೆದಾಗ, ಆಕೆ ಎಲ್ಲರೊಂದಿಗೆ ಎದ್ದು ನಿಂತದ್ದು ೨೦೧೯ನೆಯ ಇಸವಿ ನವೆಂಬರ್ ತಿಂಗಳ ೧೭ನೆಯ ತಾರೀಖು, ಭಾನುವಾರ.